ಹನ್ನೆರಡು ವರ್ಷದ ಮೇಲೆ ಮತ್ತೆ ‘ಟ್ವಿಸ್ಟೆಡ್’

ಹೋದ ಸಲ ಹಳೇ ಕೀಬೋರ್ಡ್ ಬಿಚ್ಚಿ ಜೋಡಿಸಿದ ಕಥೆ ಬರೆದಾಗ ಓದುಗರೊಬ್ಬರು ಕೇಳಿದ್ದರು: ಕೋಡ್ ಬರೀವಾಗ ಕಿವಿಗೆ ಏನು ಹಾಕ್ಕೋತೀರಿ ಅಂತ. ಈಗೀಗ ಏನೂ ಇಲ್ಲ. ಆದರೆ ಒಂದು ಕಾಲದಲ್ಲಿ ದಿನಕ್ಕೆ ಮೂರು ಸಲ ಒಂದೇ ಆಲ್ಬಂ ಕೇಳುತ್ತಿದ್ದೆ. ಅದರ ಹೆಸರು ‘ಟ್ವಿಸ್ಟೆಡ್’. ಮಾಡಿದ್ದು ‘ಹ್ಯಾಲುಸಿನೋಜೆನ್’. ಹೆಸರು ಕೇಳಿದರೆ ದೊಡ್ಡ ಬ್ಯಾಂಡ್ ಅನ್ನಿಸುತ್ತೆ, ಇರೋದು ಒಬ್ಬರೇ, ಇಂಗ್ಲೆಂಡಿನ ಸೈಮನ್ ಪೋಸ್‌ಫೋರ್ಡ್. ಆಲ್ಬಂ ಬಂದದ್ದು 1995ರಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ.

ಎರಡು ವಾರದ ಕೆಳಗೆ ಉಮ್ಮತ್ತೂರಿನ ನಮ್ಮ ಮನೆ ತಾರಸಿ ಮೇಲೆ ಕೂತು ಅದನ್ನ ಮೊದಲಿಂದ ಕೊನೇವರೆಗೆ ಕೇಳಿದೆ. ಹಳೇ ನೆನಪಿನ ಆಸೆಗಲ್ಲ. ಒಂದು ಸಾಫ್ಟ್‌ವೇರ್ ಪರೀಕ್ಷೆ ಮಾಡೋಕೆ ನನಗೆ ಚೆನ್ನಾಗಿ ಗೊತ್ತಿರೋ ಸಂಗೀತ ಬೇಕಿತ್ತು, ಸೆಕೆಂಡ್ ಸೆಕೆಂಡೂ ಬಾಯಿಪಾಠ ಇದ್ದದ್ದು ಇದೊಂದೇ. ಆ ಸಾಫ್ಟ್‌ವೇರ್ ಯಾಕೆ ಬೇಕಾಯ್ತು ಅನ್ನೋದಕ್ಕೆ ಆಮೇಲೆ ಬರ್ತೀನಿ.

ಮೊದಲ ಸಲ ಕೇಳಿದ್ದು 2013ರಲ್ಲಿ, ಮೈಸೂರಿನ ಹಾಸ್ಟೆಲ್‌ನಲ್ಲಿ. ಹಾಸ್ಟೆಲ್ ಲ್ಯಾನ್‌ನಲ್ಲಿ ಸೀನಿಯರ್‌ಗಳು ಸಿನಿಮಾ, ಗೇಮು, ಹಳೇ ಪ್ರಶ್ನೆಪತ್ರಿಕೆ ಎಲ್ಲ ಹಂಚುತ್ತಿದ್ದರು. ಅದರಲ್ಲಿ ‘ಗೋವಾ’ ಅಂತ ಒಂದು ಫೋಲ್ಡರ್. ಟ್ರಿಪ್ ಫೋಟೋ ಇರಬೇಕು ಅಂತ ತೆಗೆದರೆ ಬರೀ ಹಾಡುಗಳು. (ದುಡ್ಡು ಕೊಡದೆ ಕೇಳಿದ್ದು ತಪ್ಪೇ. ಈಗ ಕೊಟ್ಟೇ ಕೇಳ್ತಿದ್ದೀನಿ.) ಮೊದಲ ಟ್ರ್ಯಾಕಿನ ಹೆಸರು ‘ಎಲ್‌ಎಸ್‌ಡಿ’. ಹೆಸರು ನೋಡಿಯೇ ರೂಮ್‌ಮೇಟ್ ಎದ್ದು ಬಾಗಿಲು ಹಾಕಿದ. ನಾವಿಬ್ಬರೂ ಅಲ್ಲಿವರೆಗೆ ಕಂಡಿದ್ದ ದೊಡ್ಡ ನಶೆ ಅಂದರೆ ಕ್ಯಾಂಟೀನಿನ ಸ್ಟ್ರಾಂಗ್ ಕಾಫಿ. ಇವತ್ತಿಗೂ ನನ್ನ ಮಟ್ಟಿಗೆ ಅಷ್ಟೇ. ಈ ಸಂಗೀತಕ್ಕೆ ಇನ್ನೇನೋ ಬೇಕೇ ಬೇಕು ಅನ್ನೋರ ಮಾತನ್ನ ನಾನು ಒಪ್ಪಲ್ಲ.

ನನಗೆ ಅದು ಯಾಕೆ ಅಷ್ಟು ಹಿಡಿಸಿತು? ಆಗ ಗೊತ್ತಿರಲಿಲ್ಲ, ಈಗ ಹೇಳಬಲ್ಲೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿ ಹೇಗೋ ದಾಟಿದೆ. ಇಂಜಿನಿಯರಿಂಗ್ ಮೊದಲ ವರ್ಷ ಬೆಳಗ್ಗಿಂದ ಸಂಜೆವರೆಗೆ ಇಂಗ್ಲಿಷ್ ಕೇಳಿ ಕೇಳಿ ತಲೆ ಬಿಸಿಯಾಗಿರುತ್ತಿತ್ತು. ರೂಮಿಗೆ ಬಂದರೆ ಪಕ್ಕದವರು ಇಂಗ್ಲಿಷ್ ರಾಕ್ ಹಾಕಿ ಸಾಹಿತ್ಯದ ಜೊತೆಗೇ ಹಾಡೋರು. ಇದರಲ್ಲಿ ಸಾಹಿತ್ಯವೇ ಇಲ್ಲ. ಎಲ್ಲೋ ಒಂದೆರಡು ಮಾತಿನ ತುಣುಕು ಬಿಟ್ಟರೆ ಯಾವ ಭಾಷೆಯೂ ಇಲ್ಲ. ಅರ್ಥ ಆಗಲಿಲ್ಲ ಅಂತ ಸಂಕೋಚಪಡೋ ಹಾಗೇ ಇಲ್ಲ. ಒಂದು ಗಂಟೆ ನಾನೂ ಉಳಿದವರೂ ಸಮ.

ಈ ಸಂಗೀತದ ಹೆಸರು ಕೇಳದವರಿಗೆ ಸ್ವಲ್ಪ ಹೇಳಬೇಕು. ಗೋವಾದ ಅಂಜುನಾ, ವಾಗಾತೋರ್ ಕಡೆ ಹಿಪ್ಪಿಗಳು ಬಂದು ನೆಲೆಸಿದ ಮೇಲೆ ಬೀಚಿನಲ್ಲಿ ಹುಣ್ಣಿಮೆ ರಾತ್ರಿಗಳ ಕುಣಿತ ಶುರುವಾಯ್ತು. ಮೊದಮೊದಲು ರಾಕ್ ಇತ್ತು, 80ರ ದಶಕದಲ್ಲಿ ಎಲೆಕ್ಟ್ರಾನಿಕ್ ಸಂಗೀತ ಬಂತು. ಕ್ಯಾಲಿಫೋರ್ನಿಯಾದಿಂದ ಬಂದ ಗೋವಾ ಗಿಲ್ ಅಂಥವರು ರಾತ್ರಿಯಿಡೀ, ಕೆಲವೊಮ್ಮೆ ಮಾರನೇ ದಿನವೂ ನಿಲ್ಲಿಸದೆ ನುಡಿಸುತ್ತಿದ್ದರು. ಅವರು 2023ರಲ್ಲಿ ತೀರಿಕೊಂಡರು. ಆ ರಾತ್ರಿಗಳಿಗೆ ಅಂತಲೇ ತಯಾರಾದ ಸಂಗೀತಕ್ಕೆ 90ರ ದಶಕದಲ್ಲಿ ‘ಗೋವಾ ಟ್ರಾನ್ಸ್’ ಅನ್ನೋ ಹೆಸರು ನಿಂತಿತು. ತಮಾಷೆ ಅಂದರೆ ಅದರ ದೊಡ್ಡ ಆಲ್ಬಂಗಳು ತಯಾರಾಗಿದ್ದು ಲಂಡನ್, ಇಸ್ರೇಲ್, ಜರ್ಮನಿ ಕಡೆ. ‘ಟ್ವಿಸ್ಟೆಡ್’ ಬಂದದ್ದು ಡ್ರ್ಯಾಗನ್‌ಫ್ಲೈ ಅನ್ನೋ ಲಂಡನ್ ಲೇಬಲ್‌ನಿಂದ. ಅದನ್ನ ಕಟ್ಟಿದ್ದು ಕಿಲ್ಲಿಂಗ್ ಜೋಕ್ ಬ್ಯಾಂಡಿನ ಬೇಸ್ ವಾದಕ ಯೂತ್. ಪೋಸ್‌ಫೋರ್ಡ್ ಮೊದಲು ಅವರ ಸ್ಟುಡಿಯೋದಲ್ಲಿ ಸೌಂಡ್ ಇಂಜಿನಿಯರ್ ಆಗಿದ್ದವರು. ಮದ್ರಾಸ್ ಐ ಬರೋಕೆ ಮದ್ರಾಸಿಗೆ ಹೋಗಬೇಕಿಲ್ಲವಲ್ಲ, ಹಾಗೆ.

ಸದ್ದಿನ ವಿಷಯಕ್ಕೆ ಬಂದರೆ, ಇದರ ಬೇರಿನಲ್ಲಿ ಒಂದು ಸೋತ ಯಂತ್ರ ಇದೆ. ಜಪಾನಿನ ರೋಲೆಂಡ್ ಕಂಪನಿ 80ರ ದಶಕದ ಶುರುವಿನಲ್ಲಿ ಟಿಬಿ-303 ಅಂತ ಒಂದು ಪುಟ್ಟ ಪೆಟ್ಟಿಗೆ ಮಾಡಿತು. ಒಬ್ಬರೇ ಗಿಟಾರ್ ಅಭ್ಯಾಸ ಮಾಡೋರಿಗೆ ಬೇಸ್ ಗಿಟಾರಿನ ಬದಲಿಗೆ ಇರಲಿ ಅಂತ. ಅದರ ಸದ್ದು ಬೇಸ್ ಗಿಟಾರಿನ ಹಾಗೆ ಇರಲೇ ಇಲ್ಲ, ವ್ಯಾಪಾರವಾಗಲಿಲ್ಲ, 1984ಕ್ಕೆಲ್ಲ ನಿಲ್ಲಿಸಿಬಿಟ್ಟರು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನ ಚಿಕಾಗೋದ ಹುಡುಗರು ತಗೊಂಡು ಅದರ ಗುಂಡಿಗಳನ್ನ ತಿರುಗಿಸುತ್ತಾ ಹೊಸ ಸಂಗೀತವನ್ನೇ ಮಾಡಿದರು. ಆ ಗುಂಡಿ ಏನು ಮಾಡುತ್ತೆ ಅಂತ ತಿಳೀಬೇಕಾದರೆ ನಲ್ಲಿ ಕೆಳಗೆ ಬಿಂದಿಗೆ ಇಡಿ. ನೀರು ತುಂಬ್ತಾ ತುಂಬ್ತಾ ಸದ್ದು ಮೇಲೇರುತ್ತಲ್ಲ? ನಲ್ಲಿ ಅದೇ, ನೀರು ಅದೇ, ಸದ್ದಿನ ಬಣ್ಣ ಮಾತ್ರ ಬದಲಾಗ್ತಾ ಹೋಗುತ್ತೆ. ಒಂದೇ ಸ್ವರಮಾಲೆ ಸುತ್ತುತ್ತಾ ಇರುವಾಗ ಫಿಲ್ಟರ್ ತೆರೆದು ಮುಚ್ಚೋದು ಅಂದರೆ ಹೆಚ್ಚೂಕಡಿಮೆ ಇದೇ. ‘ಟ್ವಿಸ್ಟೆಡ್’ನಲ್ಲಿ ಇಂಥ ಹತ್ತು ಬಿಂದಿಗೆಗಳು ಒಟ್ಟಿಗೆ ತುಂಬುತ್ತಿರುತ್ತವೆ.

ಇನ್ನೊಂದು ವಿಷಯ. ಈ ಟ್ರ್ಯಾಕ್‌ಗಳೆಲ್ಲ ಏಳು, ಎಂಟು, ಹತ್ತು ನಿಮಿಷದವು. ಶುರುವಿನಲ್ಲೂ ಕೊನೆಯಲ್ಲೂ ಎಷ್ಟೋ ಹೊತ್ತು ಬಡಿತವೇ ಇಲ್ಲದೆ ತೇಲ್ತಾ ಇರುತ್ತವೆ. ಹಾಸ್ಟೆಲ್‌ನಲ್ಲಿ ಇದನ್ನ ಭಾರಿ ಕಲೆ ಅಂದ್ಕೊಂಡಿದ್ದೆ. ಅದರ ಹಿಂದೆ ಇದ್ದದ್ದು ಬಿಸಿಲು. ಗೋವಾದ ಸೆಕೆಗೆ ಗ್ರಾಮಫೋನ್ ತಟ್ಟೆ ಡೊಂಕಾಗುತ್ತಿತ್ತು, ಹೊರೋಕೂ ಭಾರ. ಅದಕ್ಕೆ ಅಲ್ಲಿಯವರು ಮೊದಲು ಕ್ಯಾಸೆಟ್, ಆಮೇಲೆ 1987ರಲ್ಲಿ ಬಂದ ಡ್ಯಾಟ್ ಅನ್ನೋ ಡಿಜಿಟಲ್ ಟೇಪು ಬಳಸಿದರು. ಡ್ಯಾಟ್‌ನಲ್ಲಿ ವೇಗ ಹೊಂದಿಸಿ ಒಂದು ಹಾಡಿನ ಬಡಿತದ ಮೇಲೆ ಇನ್ನೊಂದನ್ನ ಕೂರಿಸೋದು ಆಗದ ಮಾತು. ಹಾಗಾಗಿ ಒಂದರ ತೇಲುವ ಬಾಲದ ಮೇಲೆ ಇನ್ನೊಂದರ ತೇಲುವ ತಲೆ ಇಡುತ್ತಿದ್ದರು. ಹಾಡುಗಳ ಆಕಾರವನ್ನ ಹವಾಮಾನ ತೀರ್ಮಾನ ಮಾಡಿತ್ತು. ನಮ್ಮ ಎಷ್ಟೋ ‘ಆರ್ಕಿಟೆಕ್ಚರ್ ಡಿಸಿಷನ್’ಗಳೂ ಹಿಂಗೇ ಅಲ್ವಾ, ಸರ್ವರ್ ಬಿಸಿಯಾಗುತ್ತೆ ಅಂತ ಶುರುವಾಗಿ ಆಮೇಲೆ ಸಿದ್ಧಾಂತ ಆಗೋದು.

ಇದರಲ್ಲಿ ರಾಗ ಇದೆ ಅಂತ ಯಾರಾದರೂ ಹೇಳಿದರೆ ಅರ್ಧ ನಂಬಿ. ಆ ಕಾಲದ ಗೋವಾ ಟ್ರಾನ್ಸ್‌ನಲ್ಲಿ ಪದೇ ಪದೇ ಬರೋ ಒಂದು ಸ್ಕೇಲ್ ನಮ್ಮ ವಕುಳಾಭರಣದ ಸ್ವರಗಳದ್ದೇ, 14ನೇ ಮೇಳಕರ್ತ. ಆಫೀಸಿನಲ್ಲಿ ಕರ್ನಾಟಕ ಸಂಗೀತ ಕಲಿತ ಸಹೋದ್ಯೋಗಿಯೊಬ್ಬರಿಗೆ ಈ ಥರದ ಒಂದು ತುಣುಕು ಕೇಳಿಸಿದಾಗ ಅವರೇ ಗುರುತು ಹಿಡಿದರು. ‘ಸ್ವರ ಇದೆ, ಗಮಕ ಇಲ್ಲ, ರಾಗ ಅನ್ನಬೇಡಿ’ ಅಂದರು. ಅಲ್ಲಿಗೆ ಮುಗೀತು.

ಈಗ ಮನೆ ಕಡೆ ಬರ್ತೀನಿ.

ನಮ್ಮ ದೊಡ್ಡಪ್ಪ ಹಿಮ್ಮೇಳದವರು. ಮಂಟೇಸ್ವಾಮಿ ಪರಂಪರೆಯ ಹಾಡುಗಾರರಿಗೆ ನಮ್ಮ ಚಾಮರಾಜನಗರ ಸೀಮೆಯಲ್ಲಿ ನೀಲಗಾರರು ಅಂತಾರೆ. ಮುಂದಾಳು ಒಂದು ಕೈಲಿ ತಂಬೂರಿ, ಇನ್ನೊಂದು ಕೈಲಿ ಗಗ್ಗರ ಹಿಡಿದು ಕಥೆ ಹೇಳ್ತಾರೆ. ಹಿಂದೆ ಕೂತವರು ದಮ್ಮಡಿ ಬಡಿಯುತ್ತಾ ಸೊಲ್ಲು ಹಿಡೀತಾರೆ. ಮಂಟೇಸ್ವಾಮಿ ಕಲ್ಯಾಣಕ್ಕೆ ಬರೋದು, ರಾಚಪ್ಪಾಜಿ, ಸಿದ್ದಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗೋದು, ಅಲ್ಲಿ ಅವರು ಪಡೋ ಪಾಡು, ಹೀಗೆ ಕಥೆ ಬೆಳೀತಾ ಬೆಳಗಾಗುತ್ತೆ. ಕಥೆ ಹೇಳೋರ ಹೆಸರು ಊರೂರಿಗೆ ಗೊತ್ತಿರುತ್ತೆ. ಹಿಮ್ಮೇಳದವರ ಹೆಸರು ಯಾರೂ ಕೇಳಲ್ಲ. ದೊಡ್ಡಪ್ಪ ನಲವತ್ತು ವರ್ಷ ದಮ್ಮಡಿ ಬಡಿದರು. ಹಗಲೆಲ್ಲ ಅರಿಶಿನದ ಹೊಲದಲ್ಲಿ ಕೆಲಸ.

2014ರ ಬೇಸಿಗೆ ರಜೆಯಲ್ಲಿ ಊರಿಗೆ ಬಂದಿದ್ದೆ. ನೆಂಟರೊಬ್ಬರ ಮನೆಯಲ್ಲಿ ಹರಕೆ ಅಂತ ರಾತ್ರಿ ಕಥೆ ಇಟ್ಟಿದ್ದರು. ಅಪ್ಪ ಬಲವಂತ ಮಾಡಿ ಕರ್ಕೊಂಡು ಹೋದರು. ನಾನು ಜಗಲಿ ಮೂಲೆಯಲ್ಲಿ ಕೂತು ಇಯರ್‌ಫೋನ್ ಹಾಕ್ಕೊಂಡೆ. ಅದೇ ಸೊಲ್ಲು, ಅದೇ ಬಡಿತ, ಗಂಟೆಗಟ್ಟಲೆ, ಯಾರಿಗೆ ಬೇಕು ಇದು ಅನ್ನಿಸಿತ್ತು. ಕಿವಿಯಲ್ಲಿ ಏನು ಓಡ್ತಿತ್ತು ಗೊತ್ತಲ್ಲ? ಅದೇ ಬಡಿತ, ಗಂಟೆಗಟ್ಟಲೆ. ಆಗ ಇದು ಹೊಳೀಲಿಲ್ಲ ಅಂದರೆ ನನಗೇ ಈಗ ನಂಬೋಕಾಗಲ್ಲ.

ನಡುರಾತ್ರಿ ಕಾಫಿಗೆ ನಿಲ್ಲಿಸಿದಾಗ ದೊಡ್ಡಪ್ಪ ಬಂದು ಪಕ್ಕ ಕೂತರು.

‘ಅದೇನ್ ಕೂಸು ಕಿವೀಲಿ?’

ಏನು ಹೇಳೋದು ಅಂತ ತಿಳೀದೆ ಒಂದು ಕಡೆಯದನ್ನ ಅವರ ಕಿವಿಗಿಟ್ಟೆ. ಬಯ್ತಾರೆ ಅಂದ್ಕೊಂಡಿದ್ದೆ. ಅವರು ಕಾಫಿ ಲೋಟ ಹಿಡಿದು ಎರಡು ನಿಮಿಷ ಅಲ್ಲಾಡದೆ ಕೇಳಿದರು. ಬೆರಳು ಮಾತ್ರ ಲೋಟದ ಮೇಲೆ ಬಡೀತಿತ್ತು. ಆಮೇಲೆ ತೆಗೆದು ಕೊಟ್ಟು ಕೇಳಿದರು:

‘ಹಿಮ್ಮೇಳ ಚೆನ್ನಾಗದೆ ಕಣಪ್ಪ. ಕಥೆ ಎಲ್ಲದೆ?’

ಹಾಸ್ಟೆಲ್‌ಗೆ ಹೋಗಿ ಇದನ್ನ ಜೋಕ್ ಮಾಡಿ ಹೇಳಿದೆ. ಎಲ್ಲರೂ ನಕ್ಕರು. ಎಷ್ಟೋ ವರ್ಷ ಈ ಜೋಕ್ ಹೇಳಿದ್ದೀನಿ. ನಮ್ಮ ಟೀಮ್ ಅಂಜುನಾಗೆ ಹೋದಾಗಲೂ ಹೇಳಿದೆ. ಅಲ್ಲಿ ಗೋವಾ ಟ್ರಾನ್ಸ್ ಕೇಳೋ ಆಸೆ ಇತ್ತು, ನಾವು ಹೋದ ಕಡೆಯೆಲ್ಲ ಸಿಕ್ಕಿದ್ದು ಹಿಂದಿ ಸಿನಿಮಾ ರೀಮಿಕ್ಸ್. ಹತ್ತು ಗಂಟೆಗೆ ಅದೂ ಬಂದ್. 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ವರ್ಷದಲ್ಲಿ ಕೆಲವು ದಿನ ಮಾತ್ರ ನಡುರಾತ್ರಿವರೆಗೆ ವಿನಾಯಿತಿ ಕೊಡಬಹುದು, ಅಷ್ಟೇ. ನಿಯಮ ಸರಿಯೇ, ಮಲಗೋರು ಮಲಗಬೇಕು. ಅದೇ ನಿಯಮ ನಮ್ಮೂರಿಗೂ ಇದೆ. 

ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ತಿಥಿ ಮುಗಿದ ಮೇಲೆ ದೊಡ್ಡವ್ವ ನನ್ನ ಕರೆದು, ‘ನಿನ್ ಫೋನ್ನಲ್ಲಿ ಅವ್ರ ದನಿ ಅದಲ್ವಾ, ಒಸಿ ಕೇಳ್ಸು’ ಅಂದರು. ಇತ್ತು. 2023ರಲ್ಲಿ ಚಿಕ್ಕಲ್ಲೂರು ಜಾತ್ರೆಗೆ ಅವರ ಜೊತೆ ಹೋಗಿದ್ದಾಗ ರೆಕಾರ್ಡ್ ಮಾಡಿದ್ದೆ. ರಾತ್ರಿಯಿಡೀ ಹಾಡಿದ್ದರಲ್ಲಿ ಹನ್ನೊಂದು ನಿಮಿಷ. ಸ್ಟೇಟಸ್‌ಗೆ ಮೂವತ್ತು ಸೆಕೆಂಡ್ ಸಾಕಾಗಿತ್ತು, ಹನ್ನೊಂದು ನಿಮಿಷವೇ ಜಾಸ್ತಿ ಅನ್ನಿಸಿತ್ತು. ಅದೂ ಫೋನ್ ಹಿಡಿದಿದ್ದು ಕಥೆ ಹೇಳೋರ ಕಡೆಗೆ. ದೊಡ್ಡಪ್ಪ ಹಿಂದೆಲ್ಲೋ ಇದ್ದಾರೆ, ಉಳಿದ ಇಬ್ಬರ ದನಿ ಜೊತೆ ಬೆರೆತು. ದೊಡ್ಡವ್ವ ಫೋನನ್ನ ಕಿವಿಗಿಟ್ಟು ಬಹಳ ಹೊತ್ತು ಕೇಳಿ, ‘ಇದ್ರಲ್ಲಿ ಅವ್ರು ಯಾವ್ದು?’ ಅಂದರು.

ಅದಕ್ಕೆ ಬೇಕಾಗಿದ್ದು ಸಾಫ್ಟ್‌ವೇರ್. ಬೆರೆತ ಸಂಗೀತವನ್ನ ದನಿ, ಡ್ರಮ್, ಬೇಸ್, ಉಳಿದದ್ದು ಅಂತ ನಾಲ್ಕು ಫೈಲ್ ಮಾಡಿ ಕೊಡೋ ಓಪನ್ ಸೋರ್ಸ್ ಪ್ರೋಗ್ರಾಂಗಳು ಈಗ ಇವೆ. ಬೇರೆ ಬೇರೆಯಾಗಿ ರೆಕಾರ್ಡ್ ಆದ ಹಾಡುಗಳನ್ನ ತೋರಿಸಿ ತೋರಿಸಿ ಕಲಿಸಿರ್ತಾರೆ. ದೊಡ್ಡಪ್ಪನ ರೆಕಾರ್ಡಿಂಗ್ ಮೇಲೆ ಓಡಿಸೋ ಮುಂಚೆ ಇದು ಎಷ್ಟು ನಂಬಿಗಸ್ತ ಅಂತ ನೋಡ್ಬೇಕಿತ್ತು. ಹಾಗೆ ‘ಟ್ವಿಸ್ಟೆಡ್’ ಹಾಕಿದೆ.

ಹಾಸ್ಟೆಲ್‌ನಲ್ಲಿ ನನ್ನದು ನೂರೈವತ್ತು ರೂಪಾಯಿ ಇಯರ್‌ಫೋನು. ಬಡಿತ ‘ಟಿಕ್ ಟಿಕ್’ ಅಂತ ಕೇಳೋದು, ಅದರ ಕೆಳಗಿನ ಹೊಟ್ಟೆ ಇರಲಿಲ್ಲ. ನಾನು ಮೆಚ್ಚಿದ್ದೆಲ್ಲ ಮೇಲಿನ ಸದ್ದುಗಳನ್ನ, ಹುಳದ ಹಾಗೆ ಕಿವಿಯಿಂದ ಕಿವಿಗೆ ಹರಿದಾಡೋದು, ತಿರುಚಿಕೊಳ್ಳೋದು. ಈಗ ಒಳ್ಳೇ ಹೆಡ್‌ಫೋನಿನಲ್ಲಿ, ಡ್ರಮ್ ಮತ್ತು ಬೇಸ್ ಫೈಲ್ ಎರಡೇ ಹಾಕಿ ‘ಶಮಾನಿಕ್ಸ್’ ಕೇಳಿದೆ. ಸಂಜೆ ಹೊತ್ತು. ದೂರದಲ್ಲಿ ಗುಡ್ಡದ ಕಡೆ ಕೃಷ್ಣಮೃಗಗಳು ಮೇಯ್ತಿದ್ದವು, ನಮ್ಮೂರಿನವರಿಗೆ ಅವೂ ದನದ ಹಾಗೇ. ಮೇಲಿನ ಅಲಂಕಾರ ಯಾವುದೂ ಇಲ್ಲ. ದಪ್ಪ ಬಡಿತ ಒಂದು, ಎರಡು ಬಡಿತದ ಸಂದಿಗೆ ಬೇಸ್. ಅದು ಓಡಲ್ಲ, ಹಾರಲ್ಲ, ಬಹಳ ಹೊತ್ತು ಒಂದೇ ಜಾಗದಲ್ಲಿ ಕೂತಿರುತ್ತೆ. ಈ ಸಂಗೀತದ ವೇಗ ನಿಮಿಷಕ್ಕೆ 140ರಿಂದ 150 ಬಡಿತ, ಬಡಿತಕ್ಕೆ ನಾಲ್ಕು ಪಾಲು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು ಹತ್ತು. ಇಷ್ಟು ವೇಗದಲ್ಲಿದ್ದೂ ಅವಸರ ಕಾಣಲ್ಲ.

ನಾಲ್ಕೈದು ನಿಮಿಷ ಆದ ಮೇಲೆ ಮೇಲಿನ ಫೈಲುಗಳನ್ನೂ ಸೇರಿಸಿದೆ. ಆಗ ತಿಳೀತು, ಹುಳ ಅಷ್ಟು ಧೈರ್ಯವಾಗಿ ಹರಿದಾಡ್ತಿದ್ದದ್ದು ಕೆಳಗೆ ಯಾರೋ ಜಾಗ ಬಿಡದೆ ಕೂತಿದ್ದರಿಂದ. ದೊಡ್ಡಪ್ಪ ಲೋಟದ ಮೇಲೆ ಬೆರಳು ಬಡಿದದ್ದು ಇದಕ್ಕೆ. ಅವರು ಜೋಕ್ ಹೇಳಿರಲಿಲ್ಲ. ಇಡೀ ಹಾಸ್ಟೆಲ್‌ನಲ್ಲಿ ಯಾರೂ ಕೇಳಿಸಿಕೊಳ್ಳದ್ದನ್ನ ಎರಡು ನಿಮಿಷಕ್ಕೆ ಕೇಳಿಸಿಕೊಂಡು, ಆ ಕೆಲಸ ಬಲ್ಲವರ ಹಾಗೆ ಅಭಿಪ್ರಾಯ ಹೇಳಿದ್ದರು.

ಆಲ್ಬಂ ಪೂರ್ತಿ ಹಳಸದೆ ಉಳಿದಿದೆ ಅಂತ ಹೇಳಲ್ಲ. ‘ಎಲ್‌ಎಸ್‌ಡಿ’ ಇವತ್ತಿಗೂ ಮೈ ಜುಂ ಅನ್ನಿಸುತ್ತೆ, ‘ಆಲ್ಫಾ ಸೆಂಟೌರಿ’ ಕೂಡ. ‘ಫ್ಲೂರೋ ನ್ಯೂರೋ ಸ್ಪಂಜ್’ ಬಂದರೆ ಈಗ ಮುಂದಕ್ಕೆ ಓಡಿಸ್ತೀನಿ. ಹೆಸರುಗಳನ್ನ ನೋಡಿದರೆ ಹತ್ತೊಂಬತ್ತರ ಹುಡುಗರು ಇಟ್ಟ ಹಾಗಿದೆ, ನನಗೆ ಹತ್ತೊಂಬತ್ತಿದ್ದಾಗ ಅದಕ್ಕೇ ಇಷ್ಟವಾಗಿದ್ದಿರಬೇಕು. ಆಮೇಲೆ ದೊಡ್ಡಪ್ಪನ ಎರಡನೇ ಪ್ರಶ್ನೆ ಇದೆಯಲ್ಲ, ಕಥೆ ಎಲ್ಲಿ ಅಂತ, ಅದಕ್ಕೆ ಈ ಆಲ್ಬಂ ಹತ್ತಿರ ಉತ್ತರ ಇಲ್ಲ. ಒಂದು ಗಂಟೆ ಏರಿ ಏರಿ ಎಲ್ಲಿಗೂ ಹೋಗಲ್ಲ. ಮೊದಲು ಅದೇ ದೊಡ್ಡದು ಅನ್ನಿಸ್ತಿತ್ತು. ಈಗ ಮುಗಿದ ಮೇಲೆ ಸ್ವಲ್ಪ ಖಾಲಿ ಅನ್ನಿಸುತ್ತೆ. ಇದು ಪೋಸ್‌ಫೋರ್ಡ್ ತಪ್ಪಲ್ಲ, ಕಥೆ ಹೇಳ್ತೀನಿ ಅಂತ ಅವರು ಯಾವತ್ತೂ ಹೇಳಿರಲಿಲ್ಲ.

ಪರೀಕ್ಷೆ ಪಾಸಾಯ್ತು ಅಂತ ದೊಡ್ಡಪ್ಪನ ಹನ್ನೊಂದು ನಿಮಿಷವನ್ನ ಅದೇ ಪ್ರೋಗ್ರಾಂಗೆ ಕೊಟ್ಟೆ. ಫೇಲ್. ದಮ್ಮಡಿ ಅರ್ಧ ‘ಡ್ರಮ್’ ಫೈಲಿಗೆ, ಅರ್ಧ ‘ಉಳಿದದ್ದು’ ಫೈಲಿಗೆ ಹೋಗಿದೆ. ಗಗ್ಗರ ಎಲ್ಲ ಫೈಲಲ್ಲೂ ಪುಡಿ ಪುಡಿಯಾಗಿ ಚೆಲ್ಲಿದೆ. ನಾಲ್ಕೂ ಜನರ ದನಿ ಒಂದೇ ಗಂಟು. ತಂಬೂರಿ ಅಂತೂ ಮೊದಲೇ ಇರಲಿಲ್ಲ. ಯಾಕೆ ಅಂತ ನೋಡಿದರೆ ಫೋನಿನದೇ ಕೆಲಸ. ಫೋನುಗಳಲ್ಲಿ ಮಾತು ಸ್ಪಷ್ಟ ಕೇಳಲಿ ಅಂತ ಗದ್ದಲ ಕಡಿಮೆ ಮಾಡೋ ಫಿಲ್ಟರ್ ಇರುತ್ತೆ. ಬದಲಾಗದೆ ಒಂದೇ ಸಮ ಬರೋ ಸದ್ದನ್ನ ಅದು ಫ್ಯಾನೋ ಮೋಟಾರೋ ಅಂದ್ಕೊಂಡು ಅಳಿಸುತ್ತೆ. ತಂಬೂರಿ ಶ್ರುತಿ ಅದಕ್ಕೆ ಫ್ಯಾನ್ ಸದ್ದು. ಆ ಫಿಲ್ಟರನ್ನ ದೂರೋ ಯೋಗ್ಯತೆ ನನಗಿಲ್ಲ, ಜಗಲಿ ಮೂಲೆಯಲ್ಲಿ ಕೂತು ನಾನೂ ಅದನ್ನೇ ಮಾಡಿದ್ದೆ.

ಆದರೂ ದನಿಯ ಫೈಲ್ ತಗೊಂಡು ದೊಡ್ಡವ್ವನ ಮನೆಗೆ ಹೋದೆ. ದೊಡ್ಡ ಹೆಡ್‌ಫೋನ್ ಅವರ ತಲೆಗೆ ಹಾಕಿದಾಗ ಮೊಮ್ಮಕ್ಕಳು ನಕ್ಕರು, ‘ಸುಮ್ಕಿರ್ರಲಾ’ ಅಂದರು. ಒಂದೊಂದು ಸೊಲ್ಲಿಗೂ ‘ಇದಲ್ಲ, ಇದೂ ಅಲ್ಲ’ ಅಂತ ಕೈ ಆಡಿಸ್ತಿದ್ದರು. ಏಳನೇ ನಿಮಿಷದ ಹತ್ತಿರ ಯಾರೋ ಕೆಮ್ಮಿದರು. ಬೆರೆತ ರೆಕಾರ್ಡಿಂಗ್‌ನಲ್ಲಿ ಅದು ನನಗೆ ಕೇಳಿಸಿಯೇ ಇರಲಿಲ್ಲ. ದೊಡ್ಡವ್ವ ಕೈ ನಿಲ್ಲಿಸಿದರು.

‘ಇವ್ರೇ ಕಣ್ ಮಗ. ಬೀಡಿ ಬುಡಿ ಅಂತ ಬಡ್ಕತ್ತಿದ್ದಿ ನಾನು.’

ಆ ಜಾಗ ಮೂರು ಸಲ ಹಾಕಿಸಿಕೊಂಡರು. ಕೆಮ್ಮಿದ ಮೇಲೆ ಬರೋ ಸೊಲ್ಲಲ್ಲಿ ಒಂದು ದನಿ ಅರ್ಧ ಮಾತ್ರೆ ತಡವಾಗಿ ಸೇರಿಕೊಳ್ಳುತ್ತೆ. ಅದು ಅವರದ್ದು. ಗೊತ್ತಾದ ಮೇಲೆ ಕೊನೇವರೆಗೂ ಆ ದನಿಯನ್ನ ಹಿಡಿದು ಹೋಗಬಹುದು, ನಾನೂ ಈಗ ಹೋಗಬಲ್ಲೆ. ಫೈಲ್ ಮುಗಿದಾಗ ದೊಡ್ಡವ್ವ ಹೆಡ್‌ಫೋನ್ ತೆಗೀದೆ ಕೇಳಿದರು, ‘ಯಾಕ್ ನಿಂತೋಯ್ತು? ಸಿದ್ದಪ್ಪಾಜಿ ಹಲಗೂರಿಗೆ ಹೋಗ್ಲೇ ಇಲ್ವಲ್ಲ.’

‘ಅಷ್ಟೇ ದೊಡ್ಡವ್ವ ಇರೋದು’ ಅಂದೆ.

ಚಿಕ್ಕಲ್ಲೂರು ಜಾತ್ರೆ ಬನದ ಹುಣ್ಣಿಮೆಗೆ ಶುರು, ಐದು ದಿನ. ದೊಡ್ಡಪ್ಪನ ಜೊತೆ ಹಿಮ್ಮೇಳಕ್ಕೆ ಕೂರ್ತಿದ್ದ ಇಬ್ಬರೂ ಬರ್ತಾರಂತೆ, ಕಥೆಯವರೂ ಒಪ್ಪಿದ್ದಾರೆ. ಎರಡು ದಿನ ರಜೆ ಹಾಕಿದ್ದೀನಿ. ಸ್ನೇಹಿತರೊಬ್ಬರ ಹತ್ತಿರ ರೆಕಾರ್ಡರ್ ಕೇಳಿದ್ದೀನಿ, ಯಾವ ಫಿಲ್ಟರೂ ಇಲ್ಲದ್ದು. ಮೈಕ್ ಮೂರು ಬೇಕು ಅಂದೆ. ಕಥೆಗೆ ಒಂದು ಸಾಕು, ಹಿಮ್ಮೇಳಕ್ಕೆ ತಲೆಗೊಂದರಂತೆ ಎರಡು.